ಬಲಗಡೆಯ ಬಟನ್

ಹೊಸ ಪೆಟ್ಟಿಗೆಯ ಟೇಪು ಕೊಯ್ದು ತೆರೆದಾಗ ಒಳಗಿನಿಂದ ಒಂದು ವಾಸನೆ ಬರುತ್ತದೆ. ಥರ್ಮೋಕೋಲು, ಪ್ಲಾಸ್ಟಿಕ್ಕು, ಒಂದಿಷ್ಟು ಅಂಟು ಎಲ್ಲ ಸೇರಿದ ವಾಸನೆ. ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ಟಿವಿ, ಫ್ರಿಜ್ಜು ಮಾರುವ ಅಂಗಡಿಯೊಂದರಲ್ಲಿ ನಾನು ಎಂಟು ವರ್ಷದಿಂದ ಕೆಲಸಕ್ಕಿದ್ದೇನೆ. ದಿನಕ್ಕೆ ನಾಲ್ಕು ಪೆಟ್ಟಿಗೆಯಾದರೂ ಕೊಯ್ಯುವವನಿಗೆ ಆ ವಾಸನೆ ಎಲ್ಲಿ ತಾಗಬೇಕು? ಹೋದ ವಾರ ಒಂದು ಗೇಮಿನ ಪೆಟ್ಟಿಗೆ ತೆರೆದಾಗ ಮಾತ್ರ ತಾಗಿತು, ಚೆನ್ನಾಗಿಯೇ ತಾಗಿತು. ಅದಕ್ಕೆ ಕಾರಣ ಮುಳಬಾಗಿಲಿನಿಂದ ಬಂದಿದ್ದ ಒಬ್ಬರು ಅಜ್ಜಿ.

ಅಜ್ಜಿಯ ಜೊತೆ ಕಾಲೇಜಿಗೆ ಹೋಗುವ ಮೊಮ್ಮಗಳಿದ್ದಳು. ಟಿವಿಗೆ ಸಿಕ್ಕಿಸಿ ಆಡುವ ಗೇಮಿನ ಯಂತ್ರ ಬೇಕೆಂದವಳು ಅವಳೇ. ನಾನು ನನ್ನ ಎಂದಿನ ಪ್ರದರ್ಶನ ಶುರುಮಾಡಿದೆ. ಅದನ್ನು ನೀವು ನೋಡಬೇಕಿತ್ತು. ನಲವತ್ತು ಹತ್ತಿರವಾದ, ಹೊಟ್ಟೆ ಮುಂದೆ ಬಂದ ಮನುಷ್ಯನೊಬ್ಬ ಅಂಗಡಿಯ ನಡುವೆ ನಿಂತು ಗಾಳಿಯಲ್ಲಿ ಕೈ ಬೀಸುತ್ತಾನೆ, ಬಗ್ಗುತ್ತಾನೆ, 'ಜಂಪ್' ಎಂದು ಕೂಗುತ್ತಾನೆ. ಟಿವಿಯೊಳಗಿನ ಗೊಂಬೆ ಹೇಳಿದ ಮಾತು ಕೇಳಿ ಹಾರುತ್ತದೆ. ಮನೆಯಲ್ಲಿ ನನ್ನ ಮಾತು ಕೇಳುವವರು ಯಾರೂ ಇಲ್ಲವಾದ್ದರಿಂದ ನನಗೂ ಅದರಲ್ಲಿ ಒಂದು ಸುಖವಿದೆ. ಗಾಜಿನಾಚೆ ರಸ್ತೆಯಲ್ಲಿ ಹೋಗುವವರು ನಿಂತು ನೋಡಿ ನಗುತ್ತಾರೆ.

ಅಜ್ಜಿ ನಗಲಿಲ್ಲ. ಸ್ಟೂಲಿನ ಮೇಲೆ ಕೂತು ಎಲ್ಲ ನೋಡಿ, "ಎಂದುಕು ನಾಯನಾ? ಬಟನ್ನು ಇತ್ತಲ್ಲ, ಅದು ಸಾಲ್ದಾ? ಕೂಗೋದು, ಕುಣಿಯೋದು ಯಾಕೆ ಇಟ್ಟವ್ರೆ?" ಎಂದು ತೆಲುಗು ಬೆರೆಸಿ ಕೇಳಿದರು.

ಈ ಪ್ರಶ್ನೆಗೆ ನಮ್ಮ ಹತ್ತಿರ ಸಿದ್ಧ ಉತ್ತರಗಳಿವೆ. ಬೆಂಗಳೂರಿನಿಂದ ಟ್ರೈನಿಂಗ್ ಕೊಡಲು ಬಂದಿದ್ದ ಟೈ ಕಟ್ಟಿದ ಮನುಷ್ಯ ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟಿದ್ದ. ಅಷ್ಟೊಂದು ಬಟನ್ ನೋಡಿದರೆ ಹೆದರುವವರೂ ಆಡಲಿ ಎಂದು. ಸೋಫಾದಲ್ಲಿ ಬೇರು ಬಿಟ್ಟವರು ಎದ್ದು ಮೈ ಆಡಿಸಲಿ ಎಂದು. ಆಟದೊಳಗೆ ತಾವೇ ಇದ್ದೇವೆ ಎಂದು ಆಡುವವರಿಗೆ ಅನ್ನಿಸಲಿ ಎಂದು. ನನ್ನನ್ನು ಕೇಳಿದರೆ, ಪಕ್ಕದ ಕಂಪನಿಯವನು ಮಾಡಿದ ಎಂದು ಇವನೂ ಮಾಡುತ್ತಾನೆ, ನಮ್ಮಂಥವರಿಗೆ ಅಂಗಡಿಯಲ್ಲಿ ಕುಣಿದು ತೋರಿಸಲು ಏನಾದರೊಂದು ಬೇಕಲ್ಲ ಎಂದು ಮಾಡುತ್ತಾನೆ. ಎಷ್ಟೋ ಜನ ಮನೆಗೆ ಒಯ್ದು ಒಂದು ವಾರ ಕುಣಿದು, ಆಮೇಲೆ ಬಟನ್ನಿಗೇ ವಾಪಸ್ಸು ಬರುತ್ತಾರೆ.

ಇದನ್ನೆಲ್ಲ ಹೇಳಿದರೆ ಮಾರಾಟವಾಗುವುದಿಲ್ಲ. "ನಿಮ್ಮಂಥೋರೂ ಆಡ್ಲಿ ಅಂತ ಇಟ್ಟವ್ರೆ ಅಜ್ಜಿ" ಎಂದೆ. ಅಜ್ಜಿ ಗಂಟು ಕಟ್ಟಿದ ತಮ್ಮ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು. "ಹಂಗಾದ್ರೆ ಮಾಡಿದೋನು ಒಳ್ಳೇನೇ. ಕೈ ಆಗ್ದೋರ್ನೂ ನೆನೆಸ್ಕೊಂಡವ್ನೆ" ಎಂದರು. ಅವರು ಕೊಂಡ ಯಂತ್ರವನ್ನು ತೋರಿಸಲು ಪೆಟ್ಟಿಗೆ ಕೊಯ್ದಾಗ ನನಗೆ ಆ ವಾಸನೆ ತಾಗಿತು.

ಹೆಚ್ಚುಕಡಿಮೆ ಇದೇ ಮಾತನ್ನು ನಾನು ಮೊದಲೊಮ್ಮೆ ಕೇಳಿದ್ದೆ. ಹನ್ನೆರಡು ವರ್ಷದ ಹಿಂದೆ, ಮಾಲೂರಿನ ಒಂದು ಬಾಡಿಗೆ ರೂಮಿನಲ್ಲಿ, ಇದೇ ಥರ್ಮೋಕೋಲಿನ ವಾಸನೆಯ ನಡುವೆ. ಹೇಳಿದವನು ಮುನಿರಾಜು.

ಮುನಿರಾಜು ಲಕ್ಕೂರಿನವನು. ನಾನು ಯಲ್ದೂರಿನ ಕಡೆಯವನು. ನನ್ನದು ಮಾವಿನ ಸೀಮೆ, ಅವನದು ರಾಗಿ, ಹಿಪ್ಪುನೇರಳೆಯ ಮನೆ. ಇಬ್ಬರೂ ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸಗಾರರಾಗಿದ್ದೆವು. ಲಾರಿಗಳಿಗೆ ಬೇಕಾದ ತಗಡಿನ ಬಿಡಿಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತುವ ಕೆಲಸ. ಬೇರೆ ಬೇರೆ ಶಿಫ್ಟು, ಒಂದೇ ರೂಮು, ಒಂದೇ ಪಾತ್ರೆಯ ಅನ್ನ. ಅವನ ಮನೆಮಾತು ತೆಲುಗು. ಸಿಟ್ಟು ಬಂದರೆ, ಖುಷಿಯಾದರೆ ತೆಲುಗು. ಉಳಿದ ಹೊತ್ತು ನನ್ನ ಜೊತೆ ಕನ್ನಡ.

ಅವನಿಗೆ ಗೇಮಿನ ಹುಚ್ಚು. ಹಳೆಯದೊಂದು ಯಂತ್ರವನ್ನು ಎಲ್ಲಿಂದಲೋ ತಂದು, ಡಬ್ಬದಂಥ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ. ಜಾಯ್‌ಸ್ಟಿಕ್ಕು ಹಿಡಿದರೆ ಬೆರಳುಗಳು ಕಣ್ಣಿಗೆ ಕಾಣುತ್ತಿರಲಿಲ್ಲ. ನಾನು ಅವನ ಎದುರು ಆಡಿ ಒಂದು ಸಲವೂ ಗೆದ್ದವನಲ್ಲ. ಸೋತಾಗಲೆಲ್ಲ ಜಾಯ್‌ಸ್ಟಿಕ್ಕೇ ಸರಿಯಿಲ್ಲ ಎನ್ನುತ್ತಿದ್ದೆ. ಅವನು ತಕರಾರಿಲ್ಲದೆ ತನ್ನದನ್ನು ಕೊಟ್ಟು ನನ್ನದನ್ನು ತೆಗೆದುಕೊಂಡು ಮತ್ತೆ ಸೋಲಿಸುತ್ತಿದ್ದ.

ನೀವು ಪ್ರೆಸ್ಸು ನೋಡಿರಲಿಕ್ಕಿಲ್ಲ. ಮೇಲಿನಿಂದ ಒಂದು ಭಾರವಾದ ಅಚ್ಚು ಬಂದು ಕೆಳಗಿನ ತಗಡನ್ನು ಒತ್ತುತ್ತದೆ. ಅದನ್ನು ಇಳಿಸಲು ಎರಡು ಬಟನ್. ಒಂದು ಎಡಗಡೆ, ಇನ್ನೊಂದು ಅಷ್ಟು ದೂರದಲ್ಲಿ ಬಲಗಡೆ. ಎರಡನ್ನೂ ಒಟ್ಟಿಗೆ ಅದುಮಿದರೆ ಮಾತ್ರ ಅಚ್ಚು ಇಳಿಯುತ್ತದೆ. ಯಾಕೆಂದರೆ ಎರಡು ಕೈಯೂ ಬಟನ್ನಿನ ಮೇಲಿದ್ದರೆ ಯಾವ ಕೈಯೂ ಅಚ್ಚಿನ ಕೆಳಗೆ ಇರುವುದಿಲ್ಲ. ಮಾಡಿದವನ ಲೆಕ್ಕ ಅಷ್ಟು ಸರಳ. ಆದರೆ ತಗಡು ಇಡು, ಎರಡು ಕೈ ಚಾಚು, ಅದುಮು, ಮತ್ತೆ ತಗಡು ಇಡು ಎಂದರೆ ತಡವಾಗುತ್ತದೆ. ಸೂಪರ್‌ವೈಸರ್ ದಿನದ ಟಾರ್ಗೆಟ್ ಕೇಳುತ್ತಾನೆ. ಅದಕ್ಕೆ ನಾವು ಕೆಲವರು ಒಂದು ಉಪಾಯ ಮಾಡಿಕೊಂಡಿದ್ದೆವು. ಬಲಗಡೆಯ ಬಟನ್ನನ್ನು ಅದುಮಿ, ಸಂದಿನಲ್ಲಿ ಒಂದು ಮರದ ಚಕ್ಕೆ ಸಿಕ್ಕಿಸಿಬಿಟ್ಟರೆ ಅದು ಅದುಮಿದ ಹಾಗೇ ಇರುತ್ತದೆ. ಬಲಗೈ ತಗಡು ಇಡುತ್ತದೆ, ಎಡಗೈ ಒಂದೇ ಬಟನ್ ಒತ್ತುತ್ತದೆ. ಕೆಲಸ ಸರಸರ ಸಾಗುತ್ತದೆ. ಸೂಪರ್‌ವೈಸರಿಗೆ ಗೊತ್ತಿತ್ತು, ಬೇರೆ ಕಡೆ ನೋಡುತ್ತಿದ್ದ.

ಮುನಿರಾಜು ಮಾತ್ರ ಒಂದು ದಿನವೂ ಚಕ್ಕೆ ಇಟ್ಟವನಲ್ಲ. "ಎರಡು ಬಟನ್ನು ಮಾಡಿದೋನೇನು ಅಂದಕ್ಕೆ ಇಟ್ಟವ್ನೇನ್ಲಾ?" ಎನ್ನುತ್ತಿದ್ದ. ನಾನು ಅವನನ್ನು ಹೆದರುಪುಕ್ಕಲ ಎಂದು ಆಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಎರಡು ಗಂಟೆಗೆ ನನ್ನ ಶಿಫ್ಟು ಮುಗಿಯಿತು. ಹೊರಗೆ ಬಸ್ಸು ಹಾರನ್ ಹೊಡೆಯುತ್ತಿತ್ತು. ನಾನು ಓಡಿದೆ. ಚಕ್ಕೆ ತೆಗೆಯುವುದು ಮರೆತೆ. ಅದೇ ಪ್ರೆಸ್ಸಿಗೆ ಬಂದವನು ಮುನಿರಾಜು. ಅವನಿಟ್ಟ ಮೊದಲ ತಗಡೇ ಸ್ವಲ್ಪ ಓರೆಯಾಗಿ ಕೂತಿತ್ತಂತೆ. ಬಲಗೈ ಒಳಗೆ ಹಾಕಿ ಸರಿಮಾಡುತ್ತಿದ್ದಾಗ ಎಡಗೈ ಎಡಗಡೆಯ ಬಟನ್ನಿಗೆ ತಾಗಿತು. ಒಂದು ಬಟನ್ನಿಗೆ ಏನೂ ಆಗುವುದಿಲ್ಲ ಎಂದು ನಂಬಿದ್ದವನು ಅವನು. ಹೆಬ್ಬೆರಳಿನ ಪಕ್ಕದ ಮೂರು ಬೆರಳು ಹೋದವು.

ಮಾರನೆಯ ದಿನ ಆಫೀಸಿನಲ್ಲಿ ವಿಚಾರಣೆ ನಡೆಯಿತು. "ಚಕ್ಕೆ ನೀನಿಟ್ಟಿದ್ದಾ?" ಎಂದು ನನ್ನನ್ನು ಕೇಳಿದರು. ಪರ್ಮನೆಂಟ್ ಮಾಡುವವರ ಪಟ್ಟಿ ಬರುವ ತಿಂಗಳು ಅದು. "ಇಲ್ಲ ಸಾರ್, ನಂಗೊತ್ತಿಲ್ಲ" ಎಂದೆ. ಅವರಿಗೂ ಅದೇ ಬೇಕಿತ್ತು. ಬೇಗ ಮುಗಿಸುವ ಆಸೆಯಿಂದ ಕೆಲಸಗಾರ ತಾನೇ ಬಟನ್ನಿಗೆ ಚಕ್ಕೆ ಸಿಕ್ಕಿಸಿಕೊಂಡಿದ್ದಾನೆ, ತಪ್ಪು ಅವನದೇ ಎಂದು ಕಾಗದ ಬರೆದು, ಒಂದು ಪ್ರತಿಯನ್ನು ಲಕ್ಕೂರಿಗೆ, ಅವನ ಅಪ್ಪನಿಗೆ ಕಳಿಸಿದರು. ಅವನ ಕೆಲಸವೂ ಹೋಯಿತು. ನಾನು ಪರ್ಮನೆಂಟೂ ಆಗಲಿಲ್ಲ. ಆಗಿದ್ದರೆ ಇದನ್ನು ಹೀಗೆ ಹೇಳುತ್ತಿದ್ದೆನೋ ಇಲ್ಲವೋ, ನನಗೇ ನಂಬಿಕೆಯಿಲ್ಲ.

ಡ್ರೆಸ್ಸಿಂಗಿಗೆ ಆಸ್ಪತ್ರೆ ಹತ್ತಿರವೆಂದು ಅವನು ಒಂದಷ್ಟು ವಾರ ರೂಮಿನಲ್ಲೇ ಇದ್ದ. ಕಟ್ಟು ಬಿಚ್ಚಿದ ದಿನ ಮೊದಲು ಮಾಡಿದ ಕೆಲಸ ಜಾಯ್‌ಸ್ಟಿಕ್ಕು ಎತ್ತಿಕೊಂಡದ್ದು. ಹೆಬ್ಬೆರಳೇನೋ ಉಳಿದಿತ್ತು, ಆದರೆ ಹಿಂದಿನಿಂದ ಹಿಡಿಯಲು ಬೆರಳು ಬೇಕಲ್ಲ. ಜಾರಿ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಮೂರನೆಯ ಸಲ ಎತ್ತಿಕೊಳ್ಳಲಿಲ್ಲ. ನಾನು ಒಲೆಯ ಹತ್ತಿರ ಈರುಳ್ಳಿ ಹೆಚ್ಚುತ್ತಿದ್ದೆ. ಕಣ್ಣೊರೆಸಿಕೊಳ್ಳಲು ಒಂದು ನೆಪ ಸಿಕ್ಕಿತು.

ಆ ವಾರವೇ ನಾನು ಇನ್ನೊಂದು ಯಂತ್ರ ತಂದೆ. ಅದಕ್ಕೊಂದು ಕ್ಯಾಮೆರಾ, ಒಂದು ಮೈಕು. ಬಟನ್ನೇ ಬೇಡ, ಕೈ ಬೀಸಿದರೆ ಸಾಕು, ಬಾಯಲ್ಲಿ ಹೇಳಿದರೆ ಸಾಕು ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಗೆಳೆಯನಿಗಾಗಿ ತಂದೆ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಅನ್ನಿಸುತ್ತದೆ, ಅದನ್ನು ತಂದದ್ದು ನನ್ನ ಬಾಯಿ ಮುಚ್ಚಿಸಿಕೊಳ್ಳಲು.

ಆ ಯಂತ್ರದ ಮುಂದೆ ನಾವು ಪಟ್ಟ ಪಾಡು ಹೇಳಿದರೆ ನಗುತ್ತೀರಿ. ಕ್ಯಾಮೆರಾ 'ಹಿಂದೆ ಸರಿಯಿರಿ' ಎನ್ನುತ್ತಿತ್ತು. ಹಿಂದೆ ಮಂಚ, ಮಂಚದ ಹಿಂದೆ ಗೋಡೆ. ಕೊನೆಗೆ ಟಿವಿಯನ್ನು ಬಾಗಿಲ ಕಡೆಗೆ ತಿರುಗಿಸಿ, ಅವನು ಹೊರಗೆ ವರಾಂಡದಲ್ಲಿ ನಿಂತು ಆಡಿದ. ನೀರು ಹಿಡಿಯಲು ಬಂದ ಹೆಂಗಸರು ಕೊಡ ಇಟ್ಟು ನೋಡುತ್ತ ನಿಂತರು. ಕಾರು ಓಡಿಸುವ ಆಟದಲ್ಲಿ ಬಾಯಲ್ಲಿ ಇಂಗ್ಲಿಷಿನ ಅಪ್ಪಣೆ ಕೊಡಬೇಕು. ಇವನು 'ಸ್ಟಾಪು' ಎನ್ನುತ್ತಾನೆ, ಬಾಲದ ಆ ಉಕಾರ ಅದಕ್ಕೆ ಅರ್ಥವಾಗುವುದಿಲ್ಲ. ಕಾರು ಹಳ್ಳದ ಅಂಚಿಗೆ ಬಂದಾಗ ಇವನಿಗೆ ಗಾಬರಿಯಾಗಿ ತೆಲುಗು ಬಂತು. "ಆಗೂ! ಆಗೂ!" ಎಂದು ಕೂಗಿದ. ನಿಲ್ಲು, ನಿಲ್ಲು ಎಂದು. ಯಂತ್ರಕ್ಕೆ ಕೇಳಿಸಿದ್ದು 'ಗೋ, ಗೋ'. ಕಾರು ರೊಯ್ಯನೆ ಹಳ್ಳಕ್ಕೆ ಹಾರಿತು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪಘಾತದ ನಂತರ ಅವನು ನಕ್ಕಿದ್ದು ಅದೇ ಮೊದಲು.

ಆಮೇಲೆ ಪೆಟ್ಟಿಗೆ ಜೋಡಿಸುವ ಇನ್ನೊಂದು ಆಟ ಹಾಕಿದೆವು. ಮುಷ್ಟಿ ಹಿಡಿದರೆ ಪೆಟ್ಟಿಗೆ ಎತ್ತಿಕೊಂಡ ಹಾಗೆ, ಅಂಗೈ ಬಿಚ್ಚಿದರೆ ಕೆಳಗಿಟ್ಟ ಹಾಗೆ. ಮುನಿರಾಜು ಬಲಗೈ ಚಾಚಿ ಎತ್ತಿಕೊಂಡ. ಇಡಲು ಅಂಗೈ ಬಿಚ್ಚಿದ. ಪೆಟ್ಟಿಗೆ ಬೀಳಲಿಲ್ಲ. ಇನ್ನೂ ಅಗಲಿಸಿದ, ಕೊಡವಿದ. ಬೆರಳಿಲ್ಲದ ಅಂಗೈ ಯಂತ್ರಕ್ಕೆ ಮುಷ್ಟಿಯಾಗಿಯೇ ಕಾಣುತ್ತಿತ್ತು. "ನೋಡ್ಲಾ, ನನ್ ಕೈಗೆ ಸಿಕ್ಕಿದ್ದು ಬಿಡಲ್ಲ" ಎಂದ. ಈ ಸಲ ನನಗೆ ನಗು ಬರಲಿಲ್ಲ.

ಅವನು ಎಡಗೈಗೆ ಬದಲಾಯಿಸಿದ. ಆಟ ಸಾಗಿತು. ಒಂದಷ್ಟು ಹೊತ್ತು ಆಡಿ, ಟಿವಿಯ ಕಡೆಗೇ ನೋಡುತ್ತ ಹೇಳಿದ, "ಏನೇ ಅನ್ನು, ಯಾರೋ ಪುಣ್ಯಾತ್ಮ ಕೈ ಇಲ್ದೋರ್ನೂ ನೆನೆಸ್ಕೊಂಡು ಇದನ್ನ ಮಾಡವ್ನೆ."

"ಹೂಂ" ಎಂದೆ.

"ಪ್ರೆಸ್ಸು ಮಾಡಿದೋನೂ ನೆನೆಸ್ಕೊಂಡಿದ್ದ ಕಣೋ. ಎರಡು ಬಟನ್ ಇಟ್ಟಿದ್ದ." ಇನ್ನೊಂದು ಪೆಟ್ಟಿಗೆ ಎತ್ತಿಟ್ಟು ಕೇಳಿದ, "ಆ ಚಕ್ಕೆ ಯಾರು ಇಟ್ಟಿದ್ರೋ ನಿಂಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ ಕಣೋ" ಎಂದೆ.

ಅವನು ಮತ್ತೆ ಕೇಳಲಿಲ್ಲ. ಮುಂದಿನ ವಾರ ಊರಿಗೆ ಹೋದ. ಯಂತ್ರವನ್ನು ರೂಮಿನಲ್ಲೇ ಬಿಟ್ಟು ಹೋದ. ಅಂದಿನಿಂದ ಯುಗಾದಿಗೆ ಒಂದು ಫೋನು, ಅಷ್ಟೇ ನಮ್ಮ ಸ್ನೇಹ. ಆ ಸುಳ್ಳಿನ ನಂತರ ಅದಕ್ಕಿಂತ ಹೆಚ್ಚು ಮಾತಾಡಲು ನನ್ನಿಂದ ಆಗಲಿಲ್ಲ. ನಾನು ಹೇಡಿ. ಇದನ್ನು ಬೇರೆ ಮಾತಿನಲ್ಲಿ ಹೇಳಲು ಬಹಳ ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

ಹೋದ ವಾರ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಹೊರಟ ಮೇಲೆ ನಾನು ಗೋಡೌನಿಗೆ ಹೋಗಿ ಮುನಿರಾಜುವಿಗೆ ಫೋನ್ ಮಾಡಿದೆ.

"ಏನ್ಲಾ, ಹಬ್ಬ ಇನ್ನೂ ದೂರ ಐತಲ್ಲ?" ಎಂದ.

"ಆ ಚಕ್ಕೆ ನಾನೇ ಇಟ್ಟಿದ್ದು. ತೆಗೆಯೋದು ಮರ್ತು ಬಸ್ಸು ಹತ್ತಿದೆ."

ಫೋನಿನಲ್ಲಿ ಯಾವುದೋ ಹಸು ಕೂಗಿದ್ದು ಕೇಳಿಸಿತು. ಅವನು ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ಬರ್ದು ಕೊಡ್ತೀಯಾ?" ಎಂದ.

"ಏನನ್ನ?"

"ಈಗ ಹೇಳಿದ್ಯಲ್ಲ, ಅದನ್ನ. ಕೆಳಗೆ ಸೈನ್ ಹಾಕಿ."

"ಕಂಪನೀಗಾ?"

"ಕಂಪನಿ ಎಲ್ಲೈತೋ? ಬಾಗ್ಲು ಹಾಕ್ಕೊಂಡು ಹೋಗಿ ಕಾಲ ಆಯ್ತು. ನಮ್ಮಪ್ಪನಿಗೆ. ಇವತ್ತಿಗೂ ಮನೆಗೆ ಯಾರು ಬಂದ್ರೂ ಅದೊಂದೇ ಮಾತು, 'ಆಶಪಡಿ ಚೆಯ್ಯಿ ಪೋಗೊಟ್ಟುಕುನ್ನಾಡು.' ಆಸೆಪಟ್ಟು ಕೈ ಕಳ್ಕೊಂಡ ಅಂತ. ನನ್ ಮಗಳ ಮುಂದೇನೂ ಹೇಳ್ತಾನೆ. ನಾನು ಇಟ್ಟಿಲ್ಲಪ್ಪ ಅಂದ್ರೆ ನಂಬಲ್ಲ. ಓದೋಕೆ ಬರಲ್ಲ ಅವನಿಗೆ, ಆದ್ರೆ ಕಾಗದ ಅಂದ್ರೆ ದೇವ್ರು. ಆವತ್ತು ನನ್ನ ಬಿಟ್ಟು ಕಂಪನಿ ಕಾಗದಾನ ತಾನೇ ನಂಬಿದ್ದು?"

"ಬರ್ದು ಕೊಡ್ತೀನಿ" ಎಂದೆ.

"ಮುಂದಿನ ವಾರ ಭಾನುವಾರ ಬಾ. ನೀನೇ ಓದ್ಬೇಕು, ನಾನು ಓದಿದ್ರೆ ನಾನೇ ಕಟ್ಟಿದ್ದು ಅಂತಾನೆ. ಕಿವಿ ಮಂದ ಆಗೈತೆ, ಜೋರಾಗಿ ಓದು. ಮತ್ತೆ ಕಥೆ ಕಟ್ಬೇಡ ಕಣೋ, ನಾಲ್ಕೇ ಲೈನು." ಇಷ್ಟು ಹೇಳಿ ಫೋನ್ ಇಟ್ಟ.

ಅಂದಿನಿಂದ ದಿನಾ ಸಂಜೆ ಕಾಗದ ಮುಂದಿಟ್ಟುಕೊಂಡು ಕೂರುತ್ತಿದ್ದೇನೆ. ನಾಲ್ಕು ಸಾಲು ಬರೆಯಲು ಕೂತವನು ಇಷ್ಟುದ್ದ ಬರೆದಿದ್ದೇನೆ, ನೀವೇ ನೋಡಿದಿರಿ. ನಡುವೆ ನಿಮ್ಮನ್ನು ನಗಿಸಲೂ ನೋಡಿದ್ದೇನೆ. ಅವನು ಕೇಳಿದ್ದು ಇದಲ್ಲ. ಅವನು ಕೇಳಿದ್ದನ್ನು ಇಂದು ಬೇರೆ ಹಾಳೆಯಲ್ಲಿ ಬರೆದೆ.

ಪ್ರೆಸ್ಸಿನ ಬಲಗಡೆಯ ಬಟನ್ನಿಗೆ ಮರದ ಚಕ್ಕೆ ಸಿಕ್ಕಿಸಿದವನು ನಾನು.
ಶಿಫ್ಟು ಮುಗಿದಾಗ ಅದನ್ನು ತೆಗೆಯದೆ ಹೋದವನೂ ನಾನು.
ನಿಮ್ಮ ಮಗ ಒಂದು ದಿನವೂ ಚಕ್ಕೆ ಇಟ್ಟವನಲ್ಲ, ಅದು ಅಲ್ಲಿರುವುದು ಅವನಿಗೆ ಗೊತ್ತಿರಲಿಲ್ಲ.
ಆಫೀಸಿನವರು ಕೇಳಿದಾಗ ನಾನು ಸುಳ್ಳು ಹೇಳಿದೆ, ನಿಮ್ಮ ಮಗ ಕೇಳಿದಾಗಲೂ ಸುಳ್ಳು ಹೇಳಿದೆ.

ಕೆಳಗೆ ಸಹಿ ಹಾಕಿದ್ದೇನೆ. ನಾಳೆ ಭಾನುವಾರ. ಲಕ್ಕೂರಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಮುದುಕನಿಗೆ ಕೇಳುವ ಹಾಗೆ ಓದಿದರೆ ಬೀದಿಗೆಲ್ಲ ಕೇಳಿಸುತ್ತದೆ. ಕೇಳಿಸಲಿ.