ರಾಘವನ ಕೊನೆಯ ಆಸೆ

ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ಸಂಜೆ ಡೊಂಬಿವಲಿಯ ನಮ್ಮ ಬಾಲ್ಕನಿಗೆ ಕಳಿತ ಬಾಳೆಹಣ್ಣಿನ ವಾಸನೆ ಬರುತ್ತದೆ. ಹೊಸಬರು ಎದ್ದು ಹೋಗಿ ಅಡುಗೆಮನೆಯ ಬುಟ್ಟಿ ನೋಡುತ್ತಾರೆ. ನಾನೂ ಬಹಳ ಕಾಲ ನೋಡಿದವನೇ. ಕಳೆದ ಭಾನುವಾರವೂ ಆ ವಾಸನೆ ಬಂತು. ಅದರ ಜೊತೆಗೆ ಸುಮನಾಳ ನೆನಪೂ ಬಂತು.

"ಮಾಮಾ, ಯೆ ಕೇಲಾ ನಹೀ ಹೈ, ಬಾಳೆಹಣ್ಣಲ್ಲ. ಎಸ್ಟರ್ ಅಂತ ಕೆಮಿಕಲ್ ಅದು, ಫ್ಯಾಕ್ಟರಿದು," ಎಂದು ನನಗೆ ಮೊದಲು ತಿಳಿಸಿದವಳು ಅವಳು. ಪಕ್ಕದ ಮನೆಯ ಹುಡುಗಿ, ಆಗಿನ್ನೂ ಬಿ.ಎಸ್ಸಿ. ಓದುತ್ತಿದ್ದಳು. ನಾನು ನಂಬಲಿಲ್ಲ. ಯಾರು ಏನು ಹೇಳಿದರೂ ಮೊದಲು ನಂಬದಿರುವುದು ನನ್ನ ಜಾಯಮಾನ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು, ರದ್ದಿ ಅಂಗಡಿಯ ಪುಸ್ತಕಗಳಿಂದ ವಿದ್ಯೆ ಕೂಡಿಸಿಕೊಂಡವನು ನಾನು. ಅವುಗಳ ಮೊದಲ ಪುಟಗಳು ಹರಿದಿರುತ್ತಿದ್ದುದರಿಂದ ಬರೆದವರು ಯಾರೆಂದು ತಿಳಿಯುತ್ತಿರಲಿಲ್ಲ. ಹೆಸರಿಗೆ ಮರ್ಯಾದೆ ಕೊಡುವ ಅಭ್ಯಾಸ ಬೆಳೆಯದೆ, ಮಾತನ್ನು ಮಾತ್ರ ತೂಗಿ ನೋಡುವ ಚಟ ಬೆಳೆಯಿತು. ವಾರಗಟ್ಟಲೆ ವಾದಿಸಿದೆ. ಕೊನೆಗೆ ಅವಳು ಕಾಲೇಜಿನಿಂದ ಹತ್ತಿಯಲ್ಲಿ ಹೀರಿಸಿ ತಂದ ಒಂದು ಹನಿ ಎಸ್ಟರನ್ನು ಮೂಸಿ ಸೋಲೊಪ್ಪಿದೆ.

ಆದರೆ ಇನ್ನೊಂದು ವಿಷಯದಲ್ಲಿ ಹತ್ತು ವರ್ಷದಿಂದ ಸೋಲೊಪ್ಪದೆ ಕುಳಿತಿದ್ದೇನೆ. ನೀವೇ ಕೇಳಿ ಹೇಳಿ. ನಮ್ಮ ಕನ್ನಡ ಸಂಘದವರು ಪ್ರತಿ ವರ್ಷ ಮಕ್ಕಳನ್ನು ಸನ್ಮಾನಿಸುವ ದಿನ ಕಾರ್ಯದರ್ಶಿ ದಾಮೋದರ ತಪ್ಪದೆ ಒಂದು ಕಥೆ ಹೇಳುತ್ತಾನೆ. ತಂದೆ ಸತ್ತ ದುಃಖವನ್ನು ನುಂಗಿ, ತಂದೆಯ ಕೊನೆಯ ಆಸೆಯಂತೆ, ಒಂದು ದಿನವನ್ನೂ ವ್ಯರ್ಥ ಮಾಡದೆ ಡಿಗ್ರಿಯಿಂದ ನೇರವಾಗಿ ಎಂ.ಎಸ್ಸಿ.ಗೆ ಸೇರಿದ ಹುಡುಗಿಯ ಕಥೆ. ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಹುಡುಗಿ ಸುಮನಾ, ತಂದೆ ನನ್ನ ಗೆಳೆಯ ರಾಘವ. ಆ ಆಸೆ ರಾಘವನದ್ದಲ್ಲ ಎಂಬುದು ನನ್ನ ತಕರಾರು.

ರಾಘವನಿಗೆ ಕೋಪರಖೈರಣೆಯಲ್ಲಿ ಒಂದು ಸಣ್ಣ ಹೋಟೆಲಿತ್ತು. ನನಗೆ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಗುಮಾಸ್ತಿಕೆ. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಇನ್ನೊಂದು ಲೋಕಲ್ ಗಾಡಿ. ಕೋಪರಖೈರಣೆಯಲ್ಲಿ ಅವನು ಇಳಿಯುವವರೆಗೆ ನಿತ್ಯ ಒಟ್ಟಿಗೆ ಪ್ರಯಾಣ. ಅವನು ಮಾತು ಕಡಿಮೆ, ನಾನು ಜಾಸ್ತಿ. ಆದ್ದರಿಂದ ಗೆಳೆತನ ಬಾಳಿತು. ಮಗಳ ಬಿ.ಎಸ್ಸಿ. ಫಲಿತಾಂಶ ಬಂದ ಮರುದಿನ ಬೆಳಿಗ್ಗೆ ಪೇಡೆಯ ಪೊಟ್ಟಣ ಹಿಡಿದು ಗಾಡಿ ಹತ್ತಿದ. ಗುರುತಿಲ್ಲದವರಿಗೂ ಹಂಚಿದ.

"ಇನ್ನು ಎಂ.ಎಸ್ಸಿ.ಯಾ?" ಎಂದೆ.

"ಎಂತದ್ದು ಮಾರಾಯ ಎಂ.ಎಸ್ಸಿ.! ಹುಡುಗಿ ಒಣಗಿ ಕಡ್ಡಿಯಾಗಿದ್ದಾಳೆ. ಒಂದು ವರ್ಷ ಸುಮ್ಮನೆ ಇರ್ಲಿ. ಆಮೇಲೆ ಅವಳಿಗೆ ಬೇಕಾದ್ದು ಮಾಡ್ಲಿ."

"ಗ್ಯಾಪ್ ಬೀಳ್ತದೆ ಅಂತಾರಲ್ಲ ಎಲ್ಲರೂ?"

"ಬಿದ್ರೆ ಬೀಳ್ಲಿ. ಪ್ಲಾಟ್‌ಫಾರ್ಮಿಗೂ ಗಾಡಿಗೂ ನಡುವೆ ಗ್ಯಾಪ್ ಇಲ್ವಾ? ನಾವು ದಿನಾ ದಾಟೂದಿಲ್ವಾ?"

ನನ್ನ ಕಿವಿಯಾರೆ ಕೇಳಿದ್ದು. ಅದೇ ವಾರ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಲ್ಲೇ ಅವನ ಹೃದಯ ನಿಂತಿತು.

ಹೋಟೆಲು ನಡೆಸುವ ನಮ್ಮ ಜನರಲ್ಲಿ ಒಂದು ರೂಢಿಯಿದೆ. ಹದಿಮೂರನೆಯ ದಿನದ ಊಟಕ್ಕೆ ಕುಳಿತಾಗ, ಪಾಯಸ ಬಡಿಸುವ ಮೊದಲು, ಸತ್ತವನ ಹೋಟೆಲಿನ ಬೀಗದಕೈ ಯಾರ ಕೈಗೆ ಎಂಬುದನ್ನು ಹಿರಿಯರು ಎಲೆಯ ಮುಂದೆಯೇ ತೀರ್ಮಾನಿಸುತ್ತಾರೆ. ಹಸಿದ ಹೊಟ್ಟೆಗಳು ಜಗಳ ಬೆಳೆಸುವುದಿಲ್ಲವೆಂಬ ಲೆಕ್ಕಾಚಾರ ಇರಬೇಕು. ಅಂದು ಕಟ್ಟಡದ ತಾರಸಿಯ ಮೇಲೆ ಪಂಕ್ತಿ. ಬೀಗದಕೈ ರಾಘವನ ತಮ್ಮನಿಗೆ ಹೋಯಿತು. ಅದೇ ಉಸಿರಿನಲ್ಲಿ ಯಾರೋ, "ಹುಡುಗಿದು ಏನು?" ಎಂದರು. ದಾಮೋದರ ಕಣ್ಣು ಮುಚ್ಚಿ ತೆರೆದು, "ರಾಘವಣ್ಣನ ಕೊನೇ ಆಸೆ ಎಂ.ಎಸ್ಸಿ. ಆಗಿತ್ತು. ನಾಳೆಯೇ ಅಡ್ಮಿಶನ್ ಮಾಡ್ಸುವ. ಈಗ ಬಿಟ್ರೆ ಓದು ಖತಮ್," ಎಂದ.

ನಾನು ಎಲೆಯ ಮುಂದಿನಿಂದಲೇ ಗಾಡಿಯಲ್ಲಿ ನಡೆದ ಮಾತನ್ನು ಹೇಳಿದೆ.

"ಹೌದಾ?" ಎಂದ ದಾಮೋದರ. "ರಾಘವಣ್ಣ ನಿಮಗೊಬ್ರಿಗೇ ಕಿವಿಯಲ್ಲಿ ಹೇಳಿ ಹೋದ್ನಾ? ಕಾಲೇಜಿನ ಗೇಟು ದಾಟದವರಿಗೆ ಗ್ಯಾಪು ಅಂದ್ರೆ ಏನಂತ ಗೊತ್ತು? ನಿಮ್ದು ಹುಟ್ಟಿದಂದಿನಿಂದ ಗ್ಯಾಪೇ ಅಲ್ವಾ!"

ಪಂಕ್ತಿ ನಕ್ಕಿತು. ನಾನು ಮತ್ತೆ ಬಾಯಿ ತೆರೆದೆ. ಅಷ್ಟರಲ್ಲಿ ಪಾಯಸ ಬಂತು. ನಮ್ಮಲ್ಲಿ ಪಾಯಸ ಬಡಿಸಿದ ಮೇಲೆ ಮರುಪರಿಶೀಲನೆಯಿಲ್ಲ.

ಸುಮನಾ ಎಂ.ಎಸ್ಸಿ.ಗೆ ಸೇರಿದಳು. ಅದು ಮುಗಿದ ತಿಂಗಳೇ ಪಿಎಚ್.ಡಿ. ಅಲ್ಲಿಯೂ ಅಪ್ಪನ ಆಸೆಯನ್ನು ಯಾರೋ ಮುಂದುವರಿಸಿದರು. ಸತ್ತವರ ಆಸೆಗಳು ಬೆಳೆಯುತ್ತ ಹೋಗುವುದನ್ನು ನಾನು ಬೇರೆ ಮನೆಗಳಲ್ಲಿಯೂ ಕಂಡಿದ್ದೇನೆ. ಸುಮನಾ ಬೆಳಿಗ್ಗೆ ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ನಿಂತೇ ಪುಸ್ತಕ ತೆರೆದಿರುತ್ತಿದ್ದಳು. ನಾನು ಕಂಡು ಕೈಯೆತ್ತಿದರೆ ತಲೆಯಾಡಿಸುತ್ತಿದ್ದಳು. ವಾಸನೆಯ ವಿಷಯ ತೆಗೆದು ವಾದಕ್ಕೆ ಕರೆದರೆ, "ಹಾಂ ಮಾಮಾ, ನೀವು ಹೇಳಿದ್ದೇ ಸರಿ," ಎಂದುಬಿಡುತ್ತಿದ್ದಳು. ನನ್ನ ಆಯುಷ್ಯದಲ್ಲಿ ಗೆದ್ದ ವಾದಗಳಲ್ಲಿ ಅಷ್ಟು ಬೇಸರ ತಂದದ್ದು ಬೇರೆಯಿಲ್ಲ. ಅವಳ ತಾಯಿ ಶಕುಂತಲಾ ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಿ, "ಊಟ ಮಾಡ್ತಾಳೆ ಅಣ್ಣ. ಎಂತ ತಿಂದೆ ಅಂತ ಕೇಳಿದ್ರೆ ಗೊತ್ತಿರೂದಿಲ್ಲ. ಅವ್ರು ಹೋದ ಮೇಲೆ ಒಮ್ಮೆಯೂ ಅಳ್ಲಿಲ್ಲ," ಎಂದರು. ಎಲ್ಲರೂ ಧೈರ್ಯವೆಂದು ಕರೆದದ್ದು ಇದನ್ನೇ.

ಭಾನುವಾರ ಆ ವಾಸನೆಯಲ್ಲಿ ಕುಳಿತು ಇದನ್ನೆಲ್ಲ ಮೆಲುಕು ಹಾಕುತ್ತಿದ್ದಾಗ ಅವಳೇ ಬಂದಳು. ಈಗ ಅವಳು ಡಾಕ್ಟರೇಟ್ ಪಡೆದು ಕಲ್ಯಾಣದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಈ ಸಲದ ಸನ್ಮಾನ ಅವಳಿಗೇ. ಕುರ್ಚಿಯ ತುದಿಯಲ್ಲಿ ಕುಳಿತು ಕೇಳಿದಳು: "ಮಾಮಾ, ಸ್ಟೇಜ್ ಮೇಲೆ ಪಪ್ಪನ ಆಸೆ ಬಗ್ಗೆ ಮಾತಾಡು ಅಂತಾರೆ ದಾಮೋದರ ಅಂಕಲ್. ಆ ದಿನ ಊಟದಲ್ಲಿ ನೀವು ಬೇರೆ ಹೇಳಿದ್ರಿ ಅಲ್ವಾ? ಇನ್ನೊಮ್ಮೆ ಹೇಳಿ."

ಹತ್ತು ವರ್ಷ ಕಾದ ವಕೀಲನಂತೆ ನಾನು ಎಲ್ಲವನ್ನೂ ಹೇಳಿದೆ: ಗಾಡಿ, ಪೇಡೆ, ಒಂದು ವರ್ಷ ಸುಮ್ಮನಿರಲಿ ಎಂಬ ಮಾತು. ಅವಳು ಅಳಬಹುದೆಂದು ಒಳಗೊಳಗೆ ಹೆದರಿದ್ದೆ. ಅವಳು ನಕ್ಕಳು.

"ಅಚ್ಛಾ. ಅಂದ್ರೆ ದಾಮೋದರ ಅಂಕಲ್ ಹತ್ರ ಒಬ್ಬ ಪಪ್ಪಾ, ನಿಮ್ಮ ಹತ್ರ ಇನ್ನೊಬ್ಬ ಪಪ್ಪಾ."

"ನನ್ನದು ನಿಜ," ಎಂದೆ.

"ಇರಬಹುದು ಮಾಮಾ. ಆದ್ರೆ ನಾನೂ ಅಲ್ಲೇ ಇದ್ದೆ. ನೀರಿನ ಜಗ್ ಹಿಡ್ಕೊಂಡು ನಿಮ್ಮ ಪಂಕ್ತಿಯಲ್ಲೇ ನಿಂತಿದ್ದೆ. ಯಾರಾದ್ರೂ ತಿರುಗಿ, ಏ ಸುಮನಾ, ತುಝಾ ಕಾಯ್ ವಿಚಾರ್ ಆಹೆ, ನಿನ್ನ ಮನಸ್ಸಲ್ಲಿ ಏನಿದೆ, ಅಂತ ಕೇಳ್ತಾರೆ ಅಂದ್ಕೊಂಡಿದ್ದೆ. ನೀವು ಲೋಟ ಮುಂದೆ ಮಾಡಿದ್ರಿ. ನಾನು ನೀರು ಹಾಕ್ದೆ."

ಲೋಟದ ವಿಷಯ ನನಗೆ ನೆನಪಿರಲಿಲ್ಲ. ನನ್ನ ನೆನಪಿನ ಪಂಕ್ತಿಯಲ್ಲಿ ನಾನಿದ್ದೆ, ದಾಮೋದರನಿದ್ದ, ಸತ್ತ ರಾಘವನೂ ಇದ್ದ. ಅವಳು ಎಲ್ಲಿಯೂ ಇರಲಿಲ್ಲ.

"ಹಾಗಾದ್ರೆ ಈಗ ಕೇಳ್ತೇನೆ ಮಗಾ," ಎಂದೆ. "ಆಗ ನಿನಗೆ ಎಂತ ಬೇಕಿತ್ತು?"

ಉತ್ತರ ಬಲ್ಲ ವಿದ್ಯಾರ್ಥಿನಿಯಂತೆ ಅವಳು ತಟ್ಟನೆ ಬಾಯಿ ತೆರೆದಳು. ಎದುರಿನ ಕಟ್ಟಡಗಳ ಕಡೆ ನೋಡಿದಳು, ತನ್ನ ಅಂಗೈ ನೋಡಿಕೊಂಡಳು.

"ಯಾದ್ ನಹೀ ಆ ರಹಾ, ನೆನಪೇ ಆಗ್ತಿಲ್ಲ ಮಾಮಾ," ಎಂದಳು ಕೊನೆಗೆ. "ಖರೇನೇ. ಏನೋ ಇತ್ತು."

ನನಗಾದರೂ ಗೊತ್ತಿರಬಹುದೆಂಬಂತೆ ಅವಳು ನನ್ನ ಮುಖವನ್ನೇ ನೋಡುತ್ತ ಕುಳಿತಳು.