ಗೊಟ್ಟಿಗೆರೆಯಿಂದ ಜಯನಗರಕ್ಕೆ, ದಂಟಿನ ಸೊಪ್ಪಿನ ಜೊತೆ

ಬಿಟಿಎಂ ಲೇಔಟಿನ ಬಾಡಿಗೆ ಕೋಣೆಗೆ ಬೀಗ ಹಾಕಿಕೊಂಡು ಬೆಳಿಗ್ಗೆ ಐದೂವರೆಗೆ ಹೊರಟೆ. ಗದಗಿನಿಂದ ಬಂದು ಎರಡು ವರ್ಷವಾಗಿದ್ದರೂ ಆ ಬೀದಿಯಲ್ಲಿ ನನ್ನ ಹೆಸರು ಗೊತ್ತಿದ್ದವನು ಮನೆ ಮಾಲೀಕ ಒಬ್ಬನೇ. ಅವನಿಗೂ ಅದು ನೆನಪಾಗುತ್ತಿದ್ದದ್ದು ತಿಂಗಳ ಮೊದಲ ವಾರದಲ್ಲಿ.

ಜೇಬಿನಲ್ಲಿ ಆಫೀಸಿನ ಜಿಪಿಎಸ್ ಯಂತ್ರ, ಚೀಲದಲ್ಲಿ ನಕ್ಷೆ, ಕೆಂಪು ಮತ್ತು ಹಸಿರು ಸ್ಕೆಚ್ ಪೆನ್ನು ಇದ್ದವು. ಜಯನಗರದ ಒಂದು ದೊಡ್ಡ ತರಕಾರಿ ಅಂಗಡಿಯ ದಂಟಿನ ಸೊಪ್ಪಿನಲ್ಲಿ ಹೊಟ್ಟೆ ಕೆಡಿಸುವ ರೋಗಾಣು ಸಿಕ್ಕಿತ್ತು. ಸೊಪ್ಪು ಬರುವ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿ, ಅಪಾಯವಿರುವ ಕಡೆ ಕೆಂಪು, ಇಲ್ಲದ ಕಡೆ ಹಸಿರು ಚುಕ್ಕೆ ಇಡುವುದು ನನ್ನ ಕೆಲಸ. ನಮ್ಮ ಸರ್ವೆ ಆಫೀಸಿಗೆ ದುಡ್ಡು ಕೊಟ್ಟು ಇದನ್ನು ಒಪ್ಪಿಸಿದ್ದು ಆ ಅಂಗಡಿಯವರೇ. “ಚರಂಡಿ ನೀರು ಹಾಯಿಸ್ತಾರೆ ಕಣಯ್ಯ, ಹೊಲಕ್ಕೆ ಕೆಂಪು ಹಾಕ್ಕೊಂಡು ಬಾ” ಎಂದು ನಮ್ಮ ಮೇಲಧಿಕಾರಿ ಕುರ್ಚಿ ಬಿಟ್ಟೇಳದೆ ತೀರ್ಪು ಕೊಟ್ಟಿದ್ದರು.

ಗೊಟ್ಟಿಗೆರೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಟಿಕೆಟ್ಟು ಎಂಟು ರೂಪಾಯಿ. ಮಂಜು ಕವಿದಿತ್ತು. ಸ್ಟಾಪಿನಲ್ಲಿ ಇಡ್ಲಿ ತಿಂದು ಎರಡು ಕಿಲೋಮೀಟರ್ ನಡೆದೆ. ಹೊಸ ಸೈಟುಗಳ ಕಲ್ಲುಗಳ ನಡುವೆ, ಆ ಅಂಗಡಿಗೆ ಸೊಪ್ಪು ಕೊಡುವ ಮುನಿರತ್ನಮ್ಮನವರ ಅರ್ಧ ಎಕರೆ ಉಳಿದುಕೊಂಡಿತ್ತು. ಆಕೆ ಬಗ್ಗಿ ಸೊಪ್ಪು ಕೀಳುತ್ತಿದ್ದರು.

“ಯಾವೂರು ಸಾರ್ ನಿಮ್ದು?”

“ಗದಗ್ ರೀ, ಅಕ್ಕಾ.”

“ಅಷ್ಟು ದೂರದಿಂದ ನನ್ ಸೊಪ್ಪು ನೋಡಕ್ ಬಂದ್ರಾ?” ಎಂದು ನಕ್ಕರು. ನಾನೂ ನಕ್ಕೆ. ಇನ್ನೊಬ್ಬರ ಜೊತೆ ಸೇರಿ ನಕ್ಕು ಬಹಳ ದಿನವಾಗಿತ್ತು.

ಕೆಂಪು ಚುಕ್ಕೆಯ ವಿಷಯ ಹೇಳಿದಾಗ ಆಕೆಯ ನಗು ನಿಂತಿತು. “ಅಂಗಡಿಯವ್ರು ಬೇಡ ಅಂದ್ರೆ ಇದೂ ಸೈಟ್ ಆಗೋಯ್ತದೆ ಸಾರ್. ಮಾರ್ಬಿಡಣ ಅಂತ ನಮ್ಮನೆಯವ್ರು ಕಾಯ್ತಾ ಕೂತವ್ರೆ.”

ಹೊಲಕ್ಕೆ ಹಾಯುತ್ತಿದ್ದದ್ದು ಬೋರ್‌ವೆಲ್ ನೀರು. ಪರೀಕ್ಷೆಗೆ ಬಾಟಲಿಯಲ್ಲಿ ತುಂಬಿಕೊಂಡೆ. ಸುತ್ತ ಎಲ್ಲಿಯೂ ಚರಂಡಿಯ ಸುಳಿವಿಲ್ಲ. ಸದ್ಯಕ್ಕೆ ಹಸಿರು ಚುಕ್ಕೆ ಇಟ್ಟು, ಮುನಿರತ್ನಮ್ಮ ಮತ್ತು ಸೊಪ್ಪಿನ ಬುಟ್ಟಿಗಳ ಜೊತೆ ಲಗೇಜ್ ಆಟೋ ಹತ್ತಿದೆ.

ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಆಟೋ ಕಾಲುವೆಯ ಪಕ್ಕ ನಿಂತಿತು. ಮುನಿರತ್ನಮ್ಮ ಬುಟ್ಟಿ ಇಳಿಸಿ ಕಟ್ಟುಗಳ ಬೇರನ್ನು ನೀರಿಗೆ ಅದ್ದತೊಡಗಿದರು. ಸ್ವಲ್ಪ ಮೇಲೆ ಹೊಸ ಬಡಾವಣೆಯ ಕೊಳವೆಯೊಂದು ಅದೇ ಕಾಲುವೆಗೆ ಕಕ್ಕಸಿನ ನೀರು ಬಿಡುತ್ತಿತ್ತು.

“ಇಲ್ಯಾಕ ತೊಳೀತೀರಿ ಅಕ್ಕಾ?”

“ಬೋರಿಗೆ ಕರೆಂಟ್ ಇರೋದೇ ಮೂರು ಗಂಟೆ. ಗಿಡಕ್ಕೇ ಸಾಲಲ್ಲ. ಮಣ್ಣಿದ್ರೆ ಅಂಗಡಿಯವ್ರು ಮುಟ್ಟಲ್ಲ. ಎಲ್ಲಾರೂ ಇಲ್ಲೇ ತೊಳ್ಯೋದು.”

ಅಲ್ಲಿ ಕೆಂಪು ಚುಕ್ಕೆ ಇಟ್ಟೆ. ಒಂದು ಬುಟ್ಟಿಯನ್ನಾದರೂ ತೊಳೆಯದೆ ಒಯ್ಯೋಣ ಎಂದು ಬೇಡಿಕೊಂಡೆ. ಆಕೆಗೆ ಮನಸ್ಸಿರಲಿಲ್ಲ, ನನ್ನ ಮುಖ ನೋಡಿ ಒಪ್ಪಿದರು.

ಜಯನಗರ ತಲುಪಿದಾಗ ಬಿಸಿಲೇರಿತ್ತು. ಅಂಗಡಿಯ ಮ್ಯಾನೇಜರ್ ತೊಳೆದ ಬುಟ್ಟಿಗಳನ್ನು ಒಳಗೆ ಕಳಿಸಿ, ಮಣ್ಣಿದ್ದದ್ದನ್ನು ಪಕ್ಕಕ್ಕೆ ತಳ್ಳಿದ. ವಿಷಯವನ್ನೆಲ್ಲ ಬಿಡಿಸಿ ಹೇಳಿ, ಅಂಗಡಿಯ ಹಿಂದಿನ ನಲ್ಲಿಯಲ್ಲಿ ತೊಳೆಯಲು ಬಿಡಬಹುದಲ್ಲ ಎಂದು ಕೇಳಿದೆ.

“ಒಳಗೆಲ್ಲ ಕೆಸರಾಗುತ್ತೆ ಸಾರ್. ಕಸ್ಟಮರ್‌ಗೆ ಸೊಪ್ಪು ಕ್ಲೀನಾಗ್ ಕಾಣ್ಬೇಕು, ಅಷ್ಟೇ.”

ನನಗೆ ಸಿಟ್ಟು ಬಂತು. ಮುನಿರತ್ನಮ್ಮನವರಿಗೆ ಬರಲಿಲ್ಲ. ತೊಳೆಯದೆ ಉಳಿದ ಬುಟ್ಟಿಯಿಂದ ಎರಡು ಕಟ್ಟು ತೆಗೆದು ನನ್ನ ಚೀಲಕ್ಕೆ ತುರುಕಿದರು.

“ಮನೇಲಿ ಎಷ್ಟು ಜನ?”

“ಒಬ್ಬನೇ ರೀ.”

“ಒಬ್ರಾದ್ರೂ ಊಟ ಮಾಡ್ಬೇಕಲ್ಲ ಸಾರ್. ಚೆನ್ನಾಗಿ ತೊಳ್ದು ಸಾರು ಮಾಡ್ಕೊಳಿ.” ನನ್ನ ಕೋಣೆಯಲ್ಲಿ ಒಲೆಯೇ ಇರಲಿಲ್ಲ, ಆದರೂ “ಆತು ಅಕ್ಕಾ” ಎಂದೆ. ಆಕೆ ಹತ್ತಿದ ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾ ನಿಂತೆ. ಮತ್ತೆ ಒಬ್ಬನೇ ಆದೆ ಅನ್ನಿಸಿತು.

ಬಸ್ ಸ್ಟಾಪಿನಲ್ಲಿ ನಕ್ಷೆ ಬಿಚ್ಚಿದೆ. ಎದುರಿಗೇ ಅಂಗಡಿ, ಬಾಗಿಲಲ್ಲಿ ಸೊಪ್ಪು ಫಳಫಳ ಹೊಳೆಯುತ್ತಿತ್ತು. ಎರಡನೆಯ ಕೆಂಪು ಚುಕ್ಕೆಯನ್ನು ಆ ಅಂಗಡಿಯ ಮೇಲೆಯೇ ಇಟ್ಟೆ. ತೊಳೆದು ತಾ ಎಂಬ ಹುಕುಂ ಹೊರಡುತ್ತಿದ್ದದ್ದು ಅಲ್ಲಿಂದ. ಇಷ್ಟಕ್ಕೇ ನನ್ನ ಕೆಲಸ ಹೋಗಬಹುದಿತ್ತು, ಅದು ಹೋದರೆ ಈ ಊರಿನಲ್ಲಿ ನನಗೆ ಬೇರೇನೂ ಇರಲಿಲ್ಲ. ಭಯವಾಯಿತು. ಆದರೂ ಮುನಿರತ್ನಮ್ಮನವರ ಹೊಲ ಹಸಿರಾಗಿಯೇ ಇರಲಿ ಎಂದು ನಕ್ಷೆಯನ್ನು ಮಡಚಿಟ್ಟೆ.