ಹಾಲಮ್ಮ ತಂದ ಸಿಲಿಕಾನ್

ಹೊಸನಗರದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಬ್ಲೌಸ್ ಹೊಲಿಯುವ ಹಾಲಮ್ಮನಿಗೆ ಒಂದು ಚಟ. ಯಾರೇ ಮಾತು ತೆಗೆದರೂ ಅರ್ಧಕ್ಕೇ ‘ಗೊತ್ತಾಯ್ತು ಬಿಡಿ’ ಅನ್ನುವುದು. ಗಂಡ ಸಾಯುವಾಗ ಏನೋ ಹೇಳಲು ಬಾಯಿ ತೆರೆದಿದ್ದನಂತೆ, ಅದೂ ಗೊತ್ತಾಗಿಹೋಯಿತು.

ತುಳಿಯುವ ಹಳೆಯ ಮೆಷಿನ್ ಇರುವವರೆಗೆ ಈ ಚಟದಿಂದ ನಷ್ಟವೇನೂ ಆಗಲಿಲ್ಲ. ಕಬ್ಬಿಣ ಯಾವ ಎಣ್ಣೆ ಬಿಟ್ಟರೂ ಕುಡಿಯುತ್ತದೆ. ಆದರೆ ಅವಳ ಹತ್ತಿರವೇ ಕೆಲಸ ಕಲಿತ ಸ್ವಪ್ನಾ ಎದುರಿಗೇ ಅಂಗಡಿ ಹಾಕಿದಳು, ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಹಾಲಮ್ಮ ಹಟಕ್ಕೆ ಬಿದ್ದು ಹಳೆಯದನ್ನು ಗುಜರಿಗೆ ಹಾಕಿ ಕರೆಂಟಿನ ಮೆಷಿನ್ ತಂದಳು. ಅದರೊಳಗೆ ಇದ್ದದ್ದು ಪ್ಲಾಸ್ಟಿಕ್ಕಿನ ಹಲ್ಲುಚಕ್ರಗಳು. ಉಳಿದಿದ್ದ ದೊಡ್ಡ ಗಿರಾಕಿ ಮನೋರಮಾ ಒಬ್ಬರೇ. ಅವರ ಮಗಳು ವಂದನಾಳ ಮದುವೆಯ ಬ್ಲೌಸುಗಳು ಕೈಯಲ್ಲಿದ್ದವು. ಅವು ಹೋದರೆ ಅಂಗಡಿಗೆ ಬೀಗ.

ಆಗಲೇ ಮೆಷಿನ್ ಕಿರುಗುಟ್ಟತೊಡಗಿತು. ಸಾಗರದ ರಿಪೇರಿಯವ ಕೃಷ್ಣಪ್ರಸಾದನಿಗೆ ಫೋನ್ ಮಾಡಿದಳು.

“ಅಕ್ಕ, ಕೈಗೆ ಸಿಕ್ಕಿದ ಎಣ್ಣೆ ಬಿಡ್ಬೇಡಿ. ಪ್ಲಾಸ್ಟಿಕ್ ಬಿರುಕು ಬಿಡ್ತದೆ. ಸಿಲಿಕಾನ್...”

“ಗೊತ್ತಾಯ್ತು ಬಿಡೋ.”

‘ಗ್ರೀಸ್’ ಅನ್ನುವ ಮಾತು ಅವನ ಬಾಯಲ್ಲೇ ಉಳಿಯಿತು.

ಸೀತಾರಾಮಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಲಿಕಾನ್ ಅಂದರೆ ಸಿಂಕಿನ ಸಂದಿಗೆ, ಕಿಟಕಿಯ ಗಾಜಿಗೆ ಹಾಕುವ ಅಂಟು. ಹಾಲಮ್ಮ ಕೇಳಿದ ಕೂಡಲೇ ಅದರ ಟ್ಯೂಬ್ ತೆಗೆದಿಟ್ಟ.

“ಪ್ಲಾಸ್ಟಿಕ್ಕಿಗೆ ಆಗ್ತದೇನ್ರೀ?”

“ಆಗ್ದೆ ಎಂತ? ಒಂದ್ಸಲ ಹಿಡೀತು ಅಂದ್ರೆ ಬಿಡೋ ಮಾತೇ ಇಲ್ಲ. ಎಂತಕ್ಕೆ ಹಾಕ್ತೀರಿ...”

“ಗೊತ್ತು, ಕೊಡ್ರೀ.”

ಅಂಗಡಿಯವನು ಎರಡನೇ ಸಲ ಕೇಳುವುದಿಲ್ಲ. ಕೇಳಿದರೆ ಗಿರಾಕಿ ಯೋಚನೆ ಮಾಡಲು ಶುರುಮಾಡುತ್ತಾನೆ. ಅದು ವ್ಯಾಪಾರಕ್ಕೆ ಒಳ್ಳೆಯದಲ್ಲ.

ಹಾಲಮ್ಮ ಚಕ್ರಗಳಿಗೆಲ್ಲ ಧಾರಾಳವಾಗಿ ಮೆತ್ತಿ, ಚೆನ್ನಾಗಿ ಇಳಿಯಲಿ ಎಂದು ಮರುದಿನದವರೆಗೆ ಬಿಟ್ಟಳು. ಬೆಳಿಗ್ಗೆ ಪೆಡಲ್ ಒತ್ತಿದರೆ ಮೋಟಾರು ನರಳಿತು, ಸೂಜಿ ಅಲುಗಲಿಲ್ಲ. ಕೈಯಿಂದ ಚಕ್ರ ಹಿಡಿದು ಜಗ್ಗಿದಳು. ಒಳಗೆ ಹಲ್ಲುಗಳು ಲಟಕ್ಕೆಂದವು.

ಕೃಷ್ಣಪ್ರಸಾದ್ ಬಂದು ಮುಚ್ಚಳ ಬಿಚ್ಚುವ ಹೊತ್ತಿಗೆ ಮನೋರಮಾ ಕೂಡ ಬ್ಲೌಸು ಕೇಳಲು ಬಂದು ನಿಂತಿದ್ದರು.

“ಅಕ್ಕ, ಇದು ಮೀನಿನ ತೊಟ್ಟಿ ಅಂಟಿಸೋ ಗಮ್ಮು. ಇನ್ನು ನೀರು ತುಂಬಿ ಮೀನು ಬಿಡಿ, ಒಂದು ಹನಿ ಸೋರಲ್ಲ!”

ಮನೋರಮಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕಾದ ಮೇಲೆ ಕತ್ತರಿಸಿಟ್ಟ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ರಸ್ತೆ ದಾಟಿದರು.

ಹಾಲಮ್ಮ ಸೀತಾರಾಮಪ್ಪನ ಮೇಲೆ ಏರಿಹೋದಳು.

“ನೀವು ಕೇಳಿದ್ದು ಸಿಲಿಕಾನ್, ನಾ ಕೊಟ್ಟಿದ್ದೂ ಸಿಲಿಕಾನ್. ಹಿಡೀತೋ ಇಲ್ವೋ?”

“ಹಿಡೀತು.”

“ಮತ್ತೆಂತ ಜಗಳ ನಿಮ್ದು?”

ವಾರ ಕಳೆದ ಮೇಲೆ ಸ್ವಪ್ನಾ ಬಂದಳು. “ಹಾಲಮ್ಮಕ್ಕ, ವಂದನಾ ಬ್ಲೌಸಿಗೆ ಹುಕ್ಸ್ ಹಾಕೋಕೆ ಬರ್ತೀರಾ? ಅದಕ್ಕೆ ಮೆಷಿನ್ ಬೇಡ, ಸೂಜಿ ಸಾಕು.”

ಹಾಲಮ್ಮ ಹೋದಳು. ಬೆಳಕು ಚೆನ್ನಾಗಿ ಬೀಳುತ್ತದೆಂದು ಸ್ವಪ್ನಾ ಅವಳನ್ನು ಬಾಗಿಲ ಬಳಿಯೇ ಕೂರಿಸಿದಳು. ಓಣಿಯಲ್ಲಿ ಓಡಾಡುವವರಿಗೂ ಚೆನ್ನಾಗಿ ಕಾಣುತ್ತಿತ್ತು.